ಡಿಡಿ: ಕಾರ್ಡಿನಿಂದ ಪೆನ್‌ಡ್ರೈವ್‌ವರೆಗೆ

ಬ್ಯಾಂಕಿನಲ್ಲಿ ತೆಗೆಸುವ ಡಿಡಿ ಗೊತ್ತು, ಟೀವಿಯ ಡಿಡಿ ಚಂದನ ಗೊತ್ತು. ಲಿನಕ್ಸ್ ಬಳಸುವವರಿಗೆ ಇನ್ನೊಂದು ಡಿಡಿ ಇದೆ, ನಕಲಿಳಿಸುವ ಒಂದು ಆಜ್ಞೆ. ‘ಐಎಸ್‌ಒ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಡಿಡಿ ಮಾಡು’ ಎಂದರೆ, ಡಿಸ್ಕಿನ ಇಡೀ ಪ್ರತಿಯಾದ ಐಎಸ್‌ಒ ಕಡತವನ್ನು, ಕಂಪ್ಯೂಟರು ಪೆನ್‌ಡ್ರೈವಿನಿಂದಲೇ ಬೂಟ್ ಆಗುವಂತೆ, ಅದಕ್ಕೆ ಬರೆದುಕೋ ಎಂದರ್ಥ.

ಈ ಎರಡಕ್ಷರವನ್ನು ‘ಡಿಸ್ಕ್ ಡಂಪ್’ ಎಂದೋ ‘ಡಿಸ್ಕ್ ಡೂಪ್ಲಿಕೇಟ್’ ಎಂದೋ ಬಿಡಿಸುವವರುಂಟು. ‘ಕನ್ವರ್ಟ್ ಅಂಡ್ ಕಾಪಿ’ಗೆ ಸಿಸಿ ಎಂದಿಡಬೇಕಿತ್ತು, ಆ ಹೆಸರು ಸಿ ಕಂಪೈಲರಿನ ಪಾಲಾಗಿದ್ದರಿಂದ ಮುಂದಿನ ಅಕ್ಷರಕ್ಕೆ ಸರಿದರು ಎಂಬುದು ಹಳೆಯ ತಮಾಷೆ. ಲಿನಕ್ಸಿಗೆ ಮಾದರಿಯಾದ ಯುನಿಕ್ಸನ್ನು ಕಟ್ಟಿದವರಲ್ಲೊಬ್ಬರಾದ ಡೆನ್ನಿಸ್ ರಿಚಿ ಹೇಳಿದ ಮೂಲವೇ ಬೇರೆ: ಐಬಿಎಂನ ಡಿಡಿ ಕಾರ್ಡು.

1964ರಲ್ಲಿ ಐಬಿಎಂ ಸಿಸ್ಟಮ್/360 ಎಂಬ ದೊಡ್ಡ ಯಂತ್ರಗಳ ಸಾಲನ್ನು ಪ್ರಕಟಿಸಿತು. ಅವುಗಳಿಗೆ ಕೆಲಸ ಒಪ್ಪಿಸಲು ಜೆಸಿಎಲ್ ಎಂಬ ಭಾಷೆಯಿತ್ತು. 80 ಕಾಲಮ್ಮಿನ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು ಅದನ್ನು ಬರೆಯಬೇಕು. ಪ್ರೋಗ್ರಾಮು ಮುಟ್ಟುವ ಕಡತಗಳಿಗೆ ‘ಡೇಟಾ ಡೆಫಿನಿಷನ್’, ಅಂದರೆ ಡಿಡಿ ಸಾಲುಗಳು ಬೇಕು: ಯಾವ ಟೇಪು, ಯಾವ ಡಿಸ್ಕು, ಬ್ಲಾಕಿನ ಗಾತ್ರವೆಷ್ಟು? ಕೆಲಸ ಸರದಿಯಲ್ಲಿ ಕಾದು ತಾನಾಗಿ ನಡೆಯುತ್ತಿದ್ದುದರಿಂದ ಎಲ್ಲವನ್ನೂ ಮೊದಲೇ ಹೇಳಿಬಿಡಬೇಕಿತ್ತು.

ಬೆಲ್ ಲ್ಯಾಬ್ಸ್‌ನ ಯುನಿಕ್ಸಿಗೆ ಡಿಡಿ ಬಂದದ್ದು 1974ರ ಐದನೇ ಆವೃತ್ತಿಯ ಹೊತ್ತಿಗೆ. ಐಬಿಎಂ ಟೇಪಿನ ಅಕ್ಷರಗಳು ಎಬ್ಸಿಡಿಕ್ ಸಂಕೇತದಲ್ಲಿ, ಯುನಿಕ್ಸಿನವು ಆಸ್ಕಿಯಲ್ಲಿ. ಒಂದನ್ನು ಇನ್ನೊಂದಕ್ಕೆ ತಿರುಗಿಸುವುದು ಈ ಆಜ್ಞೆಗೆ ಗೊತ್ತಿದ್ದ ವಿದ್ಯೆ. ಹೆಸರಿನ ಜೊತೆ ವ್ಯಾಕರಣವೂ ಬಂತು. ಉಳಿದ ಆಜ್ಞೆಗಳು ಅಡ್ಡಗೆರೆ ಹಾಕಿ ಆಯ್ಕೆ ಕೇಳಿದರೆ, ಡಿಡಿಯದು ಸಮಚಿಹ್ನೆಯ ಭಾಷೆ: ‘ಐಎಫ್=’ ಎಂದರೆ ಎಲ್ಲಿಂದ, ‘ಒಎಫ್=’ ಎಂದರೆ ಎಲ್ಲಿಗೆ, ‘ಬಿಎಸ್=’ ಎಂದರೆ ಬ್ಲಾಕು ಎಷ್ಟು.

ಟೇಪು ತಿರುಗಿಸುವ ಕೆಲಸ ಕಮ್ಮಿಯಾದರೂ ಡಿಡಿಗೆ ಕೆಲಸ ತಪ್ಪಲಿಲ್ಲ. ಯುನಿಕ್ಸಿನಲ್ಲಿ ಇಡೀ ಡಿಸ್ಕೂ ಒಂದು ಕಡತವೇ. ಒಳಗೆ ಯಾವ ಫೋಲ್ಡರಿದೆ ಎಂದು ನೋಡದೆ ಮೊದಲ ಬೈಟಿನಿಂದ ಕೊನೆಯವರೆಗೆ ನಕಲಿಳಿಸುತ್ತದೆ ಡಿಡಿ. ಪೆನ್‌ಡ್ರೈವ್ ಬೂಟ್ ಆಗುವುದೂ ಇದರಿಂದಲೇ. ಸಿಡಿಗೆಂದು ರೂಪಿಸಿದ ಐಎಸ್‌ಒ 9660 ಮಾದರಿ ತನ್ನ ಮೊದಲ 32,768 ಬೈಟುಗಳನ್ನು ಖಾಲಿ ಬಿಟ್ಟಿತ್ತು. ಇಂದಿನ ಹೈಬ್ರಿಡ್ ಐಎಸ್‌ಒಗಳು ಅಲ್ಲಿ ಡಿಸ್ಕಿನ ಬೂಟ್ ಸೆಕ್ಟರನ್ನು ಕೂರಿಸಿರುತ್ತವೆ. ಕಡತಗಳನ್ನಷ್ಟೇ ಎಳೆದುಹಾಕಿದರೆ ಆ ಭಾಗ ಹಿಂದುಳಿಯುತ್ತದೆ. ಡಿಡಿ ಅದನ್ನೂ ಒಯ್ಯುತ್ತದೆ.

ಈ ಕೆಲಸಕ್ಕೆ ಡಿಡಿಯೇ ಬೇಕೆಂದಿಲ್ಲ. ಡೆಬಿಯನ್ ಕೈಪಿಡಿ ಸಾದಾ ‘ಸಿಪಿ’ ಆಜ್ಞೆಯನ್ನೇ ತೋರಿಸುತ್ತದೆ. ಆದರೂ ಬಳಕೆದಾರರ ಬಾಯಲ್ಲಿ ಡಿಡಿ ಕ್ರಿಯಾಪದವಾಗಿ ನಿಂತಿದೆ. ‘ಡಿಸ್ಕ್ ಡೆಸ್ಟ್ರಾಯರ್’ ಎಂಬ ಅಡ್ಡಹೆಸರೂ ಅಂಟಿದೆ. ‘ಒಎಫ್=’ ಮುಂದೆ ಡಿಸ್ಕಿನ ಹೆಸರನ್ನು ಎಸ್‌ಡಿಬಿ ಬದಲು ಎಸ್‌ಡಿಎ ಎಂದು ಬರೆದರೆ ಪೆನ್‌ಡ್ರೈವ್ ಬದಲು ಕಂಪ್ಯೂಟರಿನ ಸ್ವಂತ ಡಿಸ್ಕೇ ಅಳಿಯಬಹುದು. ಡಿಡಿ ‘ಹೌದೇ?’ ಎಂದು ಕೇಳುವುದಿಲ್ಲ. ಕಾರ್ಡಿನ ಕಾಲದಲ್ಲಿದ್ದಂತೆ, ಹೇಳುವುದನ್ನು ಸರಿಯಾಗಿ ಹೇಳುವ ಹೊಣೆ ಬರೆದವರದೇ.