ಪದವಿಗೆ ಕಾದ ಅರವತ್ತು ವರ್ಷ

ಸಯನ್ ಎಂಬ ಹೆಸರಿನ ಮೂಲ ಮರಾಠಿಯ ‘ಶೀವ್’. ನಮ್ಮ ‘ಸೀಮೆ’ಯ ದಾಯಾದಿ ಪದ, ಗಡಿ ಎಂದರ್ಥ. ರೈಲ್ವೆ ನಿಲ್ದಾಣದ ಮರಾಠಿ ಫಲಕದಲ್ಲಿ ಇಂದಿಗೂ ಶೀವ್ ಎಂದೇ ಇದೆ. ಇಲ್ಲಿನ ಗುಡ್ಡದ ಮೇಲೆ 17ನೆಯ ಶತಮಾನದಲ್ಲಿ ಆಂಗ್ಲರು ಕಟ್ಟಿದ ಕೋಟೆಯಿಂದ ಆಚೆ ಪೋರ್ಚುಗೀಸರ ಸಾಲ್ಸೆಟ್, ಈಚೆ ಕಂಪನಿಯ ಮುಂಬಯಿ. ಈ ಗಡಿಯೂರಿನಿಂದ ದಕ್ಷಿಣಕ್ಕೆ, ಗಾಂಧಿ ಮಾರ್ಕೆಟ್ಟನ್ನೂ ಕಿಂಗ್ಸ್ ಸರ್ಕಲ್ಲನ್ನೂ ದಾಟಿ ನಡೆದರೆ, ಮಾಟುಂಗದಲ್ಲಿ ಕಲ್ಲುಕಟ್ಟಡಗಳ ವಿಶಾಲವಾದ ಆವರಣವೊಂದು ಎದುರಾಗುತ್ತದೆ. 1997ರಿಂದ ಅದು ವೀರಮಾತಾ ಜೀಜಾಬಾಯಿ ಟೆಕ್ನಾಲಜಿಕಲ್ ಇನ್‌ಸ್ಟಿಟ್ಯೂಟ್. ಅದಕ್ಕೂ ಮೊದಲು ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್. ಎರಡು ಕಾಲಕ್ಕೂ ಒಗ್ಗುವ ಹೆಸರು ವಿಜೆಟಿಐ. ಹುಟ್ಟಿದ್ದು 1887ರಲ್ಲಿ, ಎಂಜಿನಿಯರಿಂಗ್ ಪದವಿಯ ತರಗತಿಗಳು ಅಲ್ಲಿ ಆರಂಭವಾದದ್ದು 1946-47ರ ಹೊತ್ತಿಗೆ. ನಡುವಿನ ಸುಮಾರು ಅರವತ್ತು ವರ್ಷಗಳ ಕತೆಯೇ ಈ ಲೇಖನದ ವಿಷಯ.

ಕನ್ನಡದಲ್ಲಿ ‘ಪದವಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ವಿಶ್ವವಿದ್ಯಾಲಯ ಕೊಡುವುದೂ ಪದವಿ, ಸಮಾಜ ಕೊಡುವ ಸ್ಥಾನವೂ ಪದವಿ. ಈ ಸಂಸ್ಥೆಗೆ ಮೊದಲನೆಯದು ಇಷ್ಟು ತಡವಾಗಿ ಸಿಕ್ಕಿದ್ದು ಯಾಕೆ ಎಂದು ಹುಡುಕಹೊರಟರೆ, ಎರಡನೆಯ ಅರ್ಥವೇ ಮತ್ತೆ ಮತ್ತೆ ಅಡ್ಡ ಬರುತ್ತದೆ.

ವೈಸರಾಯ್ ಲಾರ್ಡ್ ರಿಪನ್ 1884ರಲ್ಲಿ ಭಾರತ ಬಿಟ್ಟಾಗ ಅವನ ಸ್ಮರಣಾರ್ಥ ಮುಂಬಯಿಯ ನಾಗರಿಕರು ಕೂಡಿಸಿದ ನಿಧಿ, ರಾಣಿಯ ಆಳ್ವಿಕೆಯ ಸುವರ್ಣೋತ್ಸವದ ಸಂಭ್ರಮ, ಸರ್ ದಿನ್‌ಶಾ ಪೆಟಿಟ್‌ರಂಥ ಗಿರಣಿ ಒಡೆಯರ ಔದಾರ್ಯ, ಗವರ್ನರ್ ಲಾರ್ಡ್ ರೇಯ ಉತ್ಸಾಹ, ಇಷ್ಟೆಲ್ಲ ಸೇರಿ ಸಂಸ್ಥೆ ರೂಪುಗೊಂಡಿತು. ಆಗ ಅದು ಬೈಕಲಾದಲ್ಲಿತ್ತು, ಗಿರಣಿಗಳ ಸೀಟಿ ಕೇಳಿಸುವಷ್ಟು ಹತ್ತಿರದಲ್ಲಿ. ಗಿರಣಿಗಳ ಬಂಡವಾಳ ಬಹುಮಟ್ಟಿಗೆ ಇಲ್ಲಿಯದೇ, ದುಡಿಯುವ ಕೈಗಳೂ ಇಲ್ಲಿಯವೇ. ಆದರೆ ನೂಲುವ ವಿಭಾಗದ ಮುಖ್ಯಸ್ಥ, ನೇಯ್ಗೆಯ ಮುಖ್ಯಸ್ಥ, ಎಂಜಿನ್ ನೋಡಿಕೊಳ್ಳುವ ಎಂಜಿನಿಯರ್ ಬಹಳಷ್ಟು ಕಡೆ ಲ್ಯಾಂಕಶೈರ್‌ನಿಂದ ಹಡಗಿನಲ್ಲಿ ಬಂದವರು. ಆ ಮಧ್ಯದ ಕುರ್ಚಿಗೆ ದೇಶೀಯರನ್ನು ತಯಾರುಮಾಡುವುದು ಸಂಸ್ಥೆಯ ಉದ್ದೇಶವಾಗಿತ್ತು. ಯಂತ್ರಶಾಸ್ತ್ರಕ್ಕೆ ಎಲ್.ಎಂ.ಇ., ವಿದ್ಯುತ್ತಿಗೆ ಎಲ್.ಇ.ಇ., ಬಟ್ಟೆ ತಯಾರಿಕೆಗೆ ಎಲ್.ಟಿ.ಎಂ. ಎಂಬ ಲೈಸೆನ್ಷಿಯೇಟ್‌ಗಳು ಕಾಲಕ್ರಮದಲ್ಲಿ ರೂಢಿಗೆ ಬಂದವು. ಇವನ್ನು ಕೊಡುತ್ತಿದ್ದುದು ಸಂಸ್ಥೆಯೇ. ವಿಶ್ವವಿದ್ಯಾಲಯಕ್ಕೂ ಇವಕ್ಕೂ ಸಂಬಂಧವಿರಲಿಲ್ಲ.

ಪುಣೆಯ ಸ್ಥಿತಿ ಬೇರೆ. 1854ರಲ್ಲಿ ಅಲ್ಲಿ ಆರಂಭವಾದ ಎಂಜಿನಿಯರಿಂಗ್ ಶಾಲೆ ಲೋಕೋಪಯೋಗಿ ಇಲಾಖೆಗೆ ಜನರನ್ನು ಒದಗಿಸಲೆಂದೇ ಹುಟ್ಟಿದ್ದು. ಅದು ಮುಂಬಯಿ ವಿಶ್ವವಿದ್ಯಾಲಯದ ನೆರಳಿಗೆ ಬೇಗನೆ ಬಂತು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1883ರಲ್ಲಿ ಅಲ್ಲಿಂದ ಎಲ್.ಸಿ.ಇ. ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿ, ಮರುವರ್ಷ ನಾಸಿಕದಲ್ಲಿ ಅಸಿಸ್ಟೆಂಟ್ ಎಂಜಿನಿಯರಾದರು. ರಸ್ತೆ, ಕಾಲುವೆ, ಸೇತುವೆಗಳನ್ನು ಕಟ್ಟಿಸುವವನು ಸರ್ಕಾರದ ಅಧಿಕಾರಿ, ಆದ್ದರಿಂದ ಅವನಿಗೆ ವಿಶ್ವವಿದ್ಯಾಲಯದ ಮುದ್ರೆ. ಬಾಯ್ಲರ್ ಮತ್ತು ಮಗ್ಗಗಳನ್ನು ನೋಡಿಕೊಳ್ಳುವವನು ಖಾಸಗಿ ಮಾಲೀಕನ ಆಳು, ಅವನಿಗೆ ಲೈಸೆನ್ಷಿಯೇಟ್ ಸಾಕು. ಹೀಗೆಂದು ಯಾರೂ ಬರೆದಿಟ್ಟ ನಿಯಮವಲ್ಲ ಇದು. ನಡೆದು ಬಂದದ್ದನ್ನು ನೋಡಿದರೆ ನನಗೆ ಹಾಗೆ ತೋರುತ್ತದೆ.

1912ರಲ್ಲಿ ಒಂದು ವರದಿ ಹೊರಬಂತು. ತಾಂತ್ರಿಕ ಸಂಸ್ಥೆಗಳಿಗೂ ಕೆಲಸ ಕೊಡುವವರಿಗೂ ನಡುವಿನ ಅಂತರವನ್ನು ಕಡಿಮೆ ಮಾಡುವುದು ಹೇಗೆ ಎಂಬುದು ಅದರ ವಸ್ತು. ಬರೆದವರಿಬ್ಬರು: ರೂರ್ಕಿಯ ಥಾಮಸನ್ ಕಾಲೇಜಿನ ಪ್ರಾಂಶುಪಾಲ ಅಟ್ಕಿನ್ಸನ್, ನಮ್ಮ ವಿಜೆಟಿಐಯ ಪ್ರಾಂಶುಪಾಲ ಡಾಸನ್. ಗಿರಣಿ, ರೈಲ್ವೆ, ಕಾರ್ಖಾನೆಗಳ ಮಾಲೀಕರನ್ನೂ ವ್ಯವಸ್ಥಾಪಕರನ್ನೂ ಅವರು ವಿಚಾರಿಸಿದರು. ಶಾಲೆಯಲ್ಲಿ ಕಲಿತವನಿಗಿಂತ ಕೈಕೆಲಸದಲ್ಲಿ ಪಳಗಿದವನೇ ಮೇಲು ಎಂಬ ಧೋರಣೆ ಮಾಲೀಕರಲ್ಲಿ ಬಲವಾಗಿತ್ತು. ಆ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಲೇಥ್ ಯಂತ್ರದ ಮುಂದೆ ನಿಲ್ಲದವನು ಲೇಥ್ ಬಲ್ಲವನಾಗಲಾರ. ಆದರೆ ದೇಶೀಯ ವಿದ್ಯಾರ್ಥಿಗೆ ದೊಡ್ಡ ಕಾರ್ಯಾಗಾರಗಳಲ್ಲಿ ಅಭ್ಯಾಸಕ್ಕೆ ಅವಕಾಶ ದೊರೆಯುವುದೇ ದುರ್ಲಭವಾಗಿದ್ದಾಗ, ಅನುಭವವಿಲ್ಲವೆಂದು ಅವನನ್ನು ಹೊರಗಿಡುವುದು ಈಜು ಕಲಿತ ಮೇಲೆ ನೀರಿಗಿಳಿ ಎಂದಂತೆಯೇ.

ಇಲ್ಲಿ ವಿಶ್ವೇಶ್ವರಯ್ಯನವರು ಎರಡನೆಯ ಸಲ ಬರುತ್ತಾರೆ. ಮೈಸೂರಿನ ದಿವಾನರಾಗಿದ್ದಾಗ ಅವರು 1916ರಲ್ಲಿ ವಿಶ್ವವಿದ್ಯಾಲಯವನ್ನೂ, 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜನ್ನೂ ತೆರೆಸಿದ್ದರು. ಒಂದು ಸಂಸ್ಥಾನಕ್ಕೆ ಸಾಧ್ಯವಾದದ್ದು ನೇರ ಆಳ್ವಿಕೆಯ ಮುಂಬಯಿಗೆ ಏಕೆ ಆಗಬಾರದು ಎಂಬ ಪ್ರಶ್ನೆ ಅಂದಿನವರಲ್ಲಿ ಎದ್ದಿರಲೇಬೇಕು. 1921ರಲ್ಲಿ ಮುಂಬಯಿ ಸರ್ಕಾರ ತಾಂತ್ರಿಕ ಮತ್ತು ಔದ್ಯೋಗಿಕ ಶಿಕ್ಷಣದ ಬಗ್ಗೆ ಸಮಿತಿಯೊಂದನ್ನು ನೇಮಿಸಿ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿತು. ಸಮಿತಿ ಒಮ್ಮತಕ್ಕೆ ಬರಲಿಲ್ಲ. ಭಾರತೀಯ ಸದಸ್ಯರದೊಂದು ವರದಿ, ಐರೋಪ್ಯ ಸದಸ್ಯರದು ಇನ್ನೊಂದು. ಮೊದಲಿನವರಿಗೆ ಈ ಶಿಕ್ಷಣ ಎಲ್ಲ ಮಟ್ಟಗಳಲ್ಲೂ ಬೇಗ ಬೆಳೆಯಬೇಕಿತ್ತು. ಎರಡನೆಯವರಿಗೆ ಅಷ್ಟು ಆತುರವಿರಲಿಲ್ಲ. ಭಿನ್ನಾಭಿಪ್ರಾಯ ಎಲ್ಲ ಸಮಿತಿಗಳಲ್ಲೂ ಇರುತ್ತದೆ. ಆದರೆ ಅಭಿಪ್ರಾಯದ ಗೆರೆಯೂ ಮೈಬಣ್ಣದ ಗೆರೆಯೂ ಒಂದೇ ಆಗಿಬಿಟ್ಟಾಗ ಆ ಭಿನ್ನಾಭಿಪ್ರಾಯದ ವಸ್ತು ಶಿಕ್ಷಣವೊಂದೇ ಆಗಿರುವುದಿಲ್ಲ.

ಸಮಿತಿಯ ಗಾಡಿ ಅಲ್ಲಿಗೆ ನಿಂತರೂ ಸಂಸ್ಥೆಯ ಗಾಡಿ ಬೈಕಲಾದಿಂದ ಹೊರಟಿತು. 1896ರ ಪ್ಲೇಗಿನ ಬಳಿಕ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್, ಮಾಟುಂಗ, ಸಯನ್‌ಗಳ ಗದ್ದೆ-ತೋಟಗಳನ್ನು ಅಳೆದು ಬಡಾವಣೆ ಮಾಡುತ್ತಿದ್ದ ಕಾಲ ಅದು. 1923ರಲ್ಲಿ ವಿಜೆಟಿಐ ಮಾಟುಂಗಕ್ಕೆ ಬಂತು. ದಕ್ಷಿಣದವರೂ ಇದೇ ಬಡಾವಣೆಗಳಿಗೆ ಬಂದು ನೆಲೆಸತೊಡಗಿದ್ದರು. 1926ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿತು. 1942ರಲ್ಲಿ ರಾಮಾ ನಾಯಕರು ಮಾಟುಂಗ ನಿಲ್ದಾಣದ ಬಳಿ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ತೆರೆದರು.

ವಿಚಿತ್ರವೆಂದರೆ, ಪದವಿ ಈ ಆವರಣವನ್ನು ಹೊಕ್ಕುವ ಮೊದಲೇ ನೆರೆಮನೆಗೆ ಬಂದಿತ್ತು. 1933ರ ಅಕ್ಟೋಬರಿನಲ್ಲಿ ಮುಂಬಯಿ ವಿಶ್ವವಿದ್ಯಾಲಯ ತನ್ನದೇ ರಾಸಾಯನಿಕ ತಂತ್ರಜ್ಞಾನ ವಿಭಾಗವನ್ನು ಆರಂಭಿಸಿತು. ಅದೇ ವರ್ಷ ಉಪಕುಲಪತಿಯಾದವರು ಸರ್ ವಿಠಲ ಚಂದಾವರಕರ್. ಹೊನ್ನಾವರದಲ್ಲಿ ಹುಟ್ಟಿದ ಸರ್ ನಾರಾಯಣ ಚಂದಾವರಕರರ ಮಗ, ಸ್ವತಃ ಗಿರಣಿ ಉದ್ಯಮಿ. ವಿಜ್ಞಾನದ ಪದವೀಧರರನ್ನು ತೆಗೆದುಕೊಂಡು ಎರಡು ವರ್ಷ ಕಲಿಸಿ ಬಿ.ಎಸ್‌ಸಿ.(ಟೆಕ್) ಕೊಡುವುದು ಆ ವಿಭಾಗದ ಕ್ರಮ. 1943ರಲ್ಲಿ ಅದೂ ಮಾಟುಂಗಕ್ಕೆ ಬಂತು. ಇಂದಿನ ಐಸಿಟಿ ಅದೇ. ಬಟ್ಟೆಗೆ ಬಣ್ಣ ಹಾಕುವ ವಿದ್ಯೆಗೆ ವಿಶ್ವವಿದ್ಯಾಲಯದ ಪದವಿ. ಅದೇ ಬಟ್ಟೆಯನ್ನು ನೇಯುವ ವಿದ್ಯೆಗೆ ಪಕ್ಕದ ಆವರಣದಲ್ಲಿ ಇನ್ನೂ ಲೈಸೆನ್ಷಿಯೇಟ್.

ಯುದ್ಧ ಲೆಕ್ಕಾಚಾರವನ್ನು ಬದಲಿಸಿತು. ತಂತ್ರಜ್ಞರಿಲ್ಲದೆ ಯುದ್ಧವೂ ನಡೆಯದು, ಯುದ್ಧಾನಂತರದ ಯೋಜನೆಯೂ ನಡೆಯದು ಎಂಬುದು ದೆಹಲಿಗೆ ಮನದಟ್ಟಾಯಿತು. 1944ರಲ್ಲಿ ಸಾರ್ಜೆಂಟ್ ವರದಿ, 1945ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ, ಅದರ ಬೆನ್ನಿಗೆ ದೇಶದ ನಾಲ್ಕು ದಿಕ್ಕುಗಳಲ್ಲಿ ಉನ್ನತ ತಂತ್ರಜ್ಞಾನ ಸಂಸ್ಥೆಗಳಾಗಬೇಕೆಂದ ಸರ್ಕಾರ್ ಸಮಿತಿ. ಇಂಥ ಗಾಳಿಯಲ್ಲಿ ವಿಜೆಟಿಐ ವಿಶ್ವವಿದ್ಯಾಲಯದ ಬಾಗಿಲಿಗೆ ಬಂತು, ಬಾಗಿಲು ತೆರೆಯಿತು.

ಒಂದು ತಾಂತ್ರಿಕ ಶಾಲೆ ಪದವಿಗೆ ಸಿದ್ಧವಾಗುವುದೆಂದರೆ ಫಲಕ ಬದಲಿಸಿದಷ್ಟು ಸುಲಭವಲ್ಲ. ವೇಳಾಪಟ್ಟಿಯಲ್ಲಿ ಗಣಿತವೂ ಭೌತಶಾಸ್ತ್ರವೂ ಮೇಲೇರುತ್ತವೆ, ಕುಲುಮೆ ಮತ್ತು ಫಿಟ್ಟಿಂಗಿನ ಗಂಟೆಗಳು ಇಳಿಯುತ್ತವೆ. ಅಧ್ಯಾಪಕರಿಗೆ ತಾವು ಕಲಿಸಬೇಕಾದ ಪದವಿಗಿಂತ ಮೇಲಿನ ಅರ್ಹತೆ ಬೇಕಾಗುತ್ತದೆ. ಪಠ್ಯವನ್ನು ಹೊರಗಿನವರು ನಿರ್ಧರಿಸುತ್ತಾರೆ, ಪರೀಕ್ಷೆಯನ್ನೂ ಹೊರಗಿನವರು ನಡೆಸುತ್ತಾರೆ. ತನ್ನ ಗಿರಣಿಗಳಿಗೆ ಏನು ಬೇಕೆಂದು ತಾನೇ ನಿರ್ಧರಿಸುತ್ತಿದ್ದ ಸಂಸ್ಥೆ ಆ ಸ್ವಾತಂತ್ರ್ಯವನ್ನು ಬಿಟ್ಟುಕೊಡಬೇಕು. ವಿಜೆಟಿಐಗೆ ಸ್ವಾಯತ್ತತೆ ಮರಳಿದ್ದು 2004ರಲ್ಲಿ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಹೆಬ್ಬಾಗಿಲಿನಲ್ಲಿ. ಪದವಿಯ ತರಗತಿಗೆ ಬರುವವನು ಇಂಟರ್ ಸೈನ್ಸ್ ಮುಗಿಸಿರಬೇಕು. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಕೂತು ಮೆಟ್ರಿಕ್ ದಾಟುತ್ತಿದ್ದ ಕರಾವಳಿಯ ಹುಡುಗನಿಗೆ ಮೆಟ್ರಿಕ್ ಸಾಧ್ಯವಿತ್ತು. ಪ್ರಯೋಗಾಲಯವಿರುವ ಕಾಲೇಜಿನಲ್ಲಿ ಹಗಲಿನ ಎರಡು ವರ್ಷ ಸಾಧ್ಯವಿರಲಿಲ್ಲ. ಇನ್ನೊಂದೆಡೆ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಮಧ್ಯಮವರ್ಗದ ಹುಡುಗನಿಗೆ ಇದು ನಿಜವಾಗಿಯೂ ಬಾಗಿಲು ತೆರೆದಂತೆ. ಅಲ್ಲಿಯವರೆಗೆ ಅವನ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪದವಿಗೆ ಇದ್ದ ಊರುಗಳೆಂದರೆ ಪುಣೆ, ಇಲ್ಲವೆ ದೂರದ ಕರಾಚಿ. 1947ರಲ್ಲಿ ಹುಬ್ಬಳ್ಳಿಯಲ್ಲಿ ಕೆ.ಎಲ್.ಇ. ಸಂಸ್ಥೆ ಭೂಮರಡ್ಡಿ ಕಾಲೇಜನ್ನು ತೆರೆದ ಮೇಲೆ ಅವನು ಮಾಟುಂಗಕ್ಕೂ ಬರಬೇಕಾಗಲಿಲ್ಲ. ಒಂದೇ ಘಟನೆ ಒಬ್ಬ ಕನ್ನಡಿಗನಿಗೆ ಬಾಗಿಲು, ಇನ್ನೊಬ್ಬನಿಗೆ ಗೋಡೆ. ನಮ್ಮ ಮುಂಬಯಿ ಕನ್ನಡ ಚರಿತ್ರೆಗಳು ಮೊದಲನೆಯವನನ್ನು ಅಭಿಮಾನದಿಂದ ನೆನೆಯುತ್ತವೆ.

ವಿಜೆಟಿಐ ಡಿಪ್ಲೊಮಾವನ್ನು ಕೈಬಿಡಲಿಲ್ಲ, ಇಂದಿಗೂ ಬಿಟ್ಟಿಲ್ಲ ಎಂಬುದನ್ನು ಅದರ ಪರವಾಗಿ ಹೇಳಲೇಬೇಕು. ಆದರೆ ಗಡಿ ಈಗ ಆವರಣದ ಒಳಗೇ ಬಂದು ನಿಂತಿತು. ಕೇಂದ್ರ ಸರ್ಕಾರದ ನೌಕರನಾಗಿ ನೇಮಕಾತಿ ನಿಯಮಗಳ ಕಡತಗಳನ್ನು ತಿರುವಿಹಾಕುವಾಗ ಆ ಗಡಿಯನ್ನು ನಾನು ಆಗಾಗ ದಾಟುತ್ತೇನೆ. ‘ಪದವಿ ಅಥವಾ ತತ್ಸಮಾನ’ ಎಂಬುದೊಂದು ಸಾಲು. ‘ಡಿಪ್ಲೊಮಾ ಮತ್ತು ಇಷ್ಟು ವರ್ಷಗಳ ಅನುಭವ’ ಎಂಬುದು ಅದರ ಕೆಳಗಿನ ಸಾಲು. ಆ ಎರಡು ಸಾಲುಗಳ ನಡುವೆ ಒಬ್ಬ ಮನುಷ್ಯನ ಹತ್ತು ವರ್ಷಗಳು ಕಳೆದುಹೋಗಬಹುದು. ಇಂದಿನ ಡಿಪ್ಲೊಮಾ ವಿದ್ಯಾರ್ಥಿಗೆ ನೇರವಾಗಿ ಎರಡನೆಯ ವರ್ಷದ ಬಿ.ಇ.ಗೆ ಸೇರುವ ದಾರಿಯಿದೆ. ಹಿಂದಿನವರಿಗೆ ಇದ್ದ ಮುಖ್ಯ ದಾರಿ 1920ರಲ್ಲಿ ಸ್ಥಾಪನೆಯಾದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನಡೆಸುವ ಎ.ಎಂ.ಐ.ಇ. ಪರೀಕ್ಷೆ: ಸೆಕ್ಷನ್ ಎ, ಸೆಕ್ಷನ್ ಬಿ. ತರಗತಿಯಿಲ್ಲ, ಗುರುವಿಲ್ಲ, ಕೆಲಸ ಮುಗಿಸಿ ಬಂದು ರಾತ್ರಿ ಓದಬೇಕು.

ಸಯನ್‌ನಲ್ಲಿ ನಮ್ಮ ಕಟ್ಟಡದ ಎರಡನೆಯ ಮಹಡಿಯಲ್ಲಿ ಕುಂದಾಪುರದ ಕಡೆಯ ಹಿರಿಯರೊಬ್ಬರಿದ್ದರು. ಹೋಟೆಲು, ರಾತ್ರಿಶಾಲೆ, ಡಿಪ್ಲೊಮಾ, ಆಮೇಲೆ ಕಾರ್ಖಾನೆಯೊಂದರಲ್ಲಿ ಮೂವತ್ತೆರಡು ವರ್ಷ. ತಾವು ಓದಿದ ಜಾಗವನ್ನು ಅವರು ‘ಇನ್‌ಸ್ಟಿಟ್ಯೂಟು’ ಎನ್ನುತ್ತಿದ್ದರು. ಅದೇ ಆವರಣದಲ್ಲಿ ಬಿ.ಇ. ಓದಿದ ಅವರ ಅಣ್ಣನ ಮಗ ‘ಕಾಲೇಜು’ ಎನ್ನುತ್ತಿದ್ದ. ಎ.ಎಂ.ಐ.ಇ.ಯ ಮೊದಲ ಭಾಗವನ್ನು ಮುಗಿಸಿದ ವರ್ಷ ಮಗಳು ಹುಟ್ಟಿದಳಂತೆ, ಎರಡನೆಯದಕ್ಕೆ ಕೂರಲಾಗಲಿಲ್ಲ. ಆ ಮಗಳ ಮದುವೆಯ ಕಾಗದದಲ್ಲಿ ಅವರ ಹೆಸರಿನ ಮುಂದೆ ‘ಎ.ಎಂ.ಐ.ಇ. (ಸೆಕ್ಷನ್ ಎ)’ ಎಂದು ಅಚ್ಚಾಗಿತ್ತು. ನಾವು ಹುಡುಗರು ಅದನ್ನು ನೋಡಿ ನಕ್ಕಿದ್ದೆವು.