ಬಾವಿ ಆಳಕ್ಕಿಳಿದಂತೆ ಬದಲಾದ ಪ್ರಶ್ನೆಗಳು

ಕೋಲಾರ ಜಿಲ್ಲೆಯಲ್ಲಿ ಪರಿಸರ ಮತ್ತು ಆರೋಗ್ಯದ ಸಂಶೋಧನೆ ಅಂದರೆ ಈಗ ನೀರಿನ ಮಾತೇ. ಹುತ್ತೂರು ಹೋಬಳಿಯಲ್ಲಾಗಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಾಗಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಹಾಗಾಗಿ ಅದು ಸಹಜ. ಆದರೆ ಈ ನೆಲದಲ್ಲಿ ಇಂಥ ಅಧ್ಯಯನ ಮೊದಲಾದದ್ದು ಧೂಳಿನಿಂದ. ಅದೂ ನೆಲದ ಕೆಳಗೆ.

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರ ದಶಕದಿಂದ ಕೋಲಾರ ಚಿನ್ನದ ಗಣಿಯಲ್ಲಿ ಅಗೆದದ್ದು ಬೆಣಚುಕಲ್ಲಿನ ಪದರವನ್ನು. ಅದನ್ನು ಕೊರೆದಾಗ ಏಳುವ ಸಿಲಿಕಾ ಧೂಳು ಕಾರ್ಮಿಕರ ಶ್ವಾಸಕೋಶದಲ್ಲಿ ಕೂತು, ಅದನ್ನು ಗಟ್ಟಿಯಾಗಿಸುತ್ತಿತ್ತು. ಸಿಲಿಕೋಸಿಸ್ ಎಂಬ ಈ ರೋಗ ಭಾರತದಲ್ಲಿ ಮೊದಲು ವರದಿಯಾದದ್ದು 1934ರಲ್ಲಿ, ಇದೇ ಗಣಿಯಿಂದ. 1940ರಿಂದ 46ರವರೆಗೆ ಕ್ಯಾಪ್ಲನ್ ಮತ್ತು ಬರ್ಡನ್ ಎಂಬ ವೈದ್ಯರು 7,653 ಕಾರ್ಮಿಕರನ್ನು ಪರೀಕ್ಷಿಸಿದರು. ನೂರಕ್ಕೆ ಸುಮಾರು 44 ಮಂದಿಯಲ್ಲಿ ರೋಗದ ಗುರುತು ಸಿಕ್ಕಿತು. ಔದ್ಯೋಗಿಕ ಆರೋಗ್ಯದ ಪಠ್ಯಗಳು ಈ ಅಂಕಿಯನ್ನು ಈಗಲೂ ಉಲ್ಲೇಖಿಸುತ್ತವೆ.

ಏಳೂವರೆ ಸಾವಿರ ಜನರನ್ನು ಹೀಗೆ ಒಬ್ಬೊಬ್ಬರಾಗಿ ನೋಡುವ ಶ್ರದ್ಧೆ ಎಲ್ಲಿಂದ ಬಂತು? ವೈದ್ಯರ ಕಾಳಜಿಯನ್ನು ಅನುಮಾನಿಸಬೇಕಿಲ್ಲ. ಆದರೆ ರೋಗ ಬಂದ ಕಾರ್ಮಿಕನಿಗೆ ಪರಿಹಾರ ಕೊಡಬೇಕೇ, ಎಷ್ಟು ಕೊಡಬೇಕು ಎಂಬ ಲೆಕ್ಕ ಆಗ ಕಂಪನಿಯ ಎದುರಿಗಿತ್ತು. ದೇಹಕ್ಕೆ ಲೆಕ್ಕಪುಸ್ತಕದಲ್ಲಿ ಜಾಗ ಇತ್ತು, ಆದ್ದರಿಂದ ದೇಹವನ್ನು ಎಣಿಸಿದರು. ಇದು ನನ್ನ ಊಹೆ. ಮುಂದಿನ ಕಥೆಯನ್ನು ನೋಡಿದರೆ ಅದು ತಪ್ಪಿರಲಾರದು ಅನಿಸುತ್ತದೆ.

2001ರ ಫೆಬ್ರವರಿ 28ರಂದು ಗಣಿ ನಿಂತಿತು. ಚಿನ್ನ ತೆಗೆದ ಮೇಲೆ ಉಳಿದ ಮೂರು ಕೋಟಿ ಟನ್ನಿಗೂ ಮಿಕ್ಕಿದ ಪುಡಿ ಊರ ನಡುವೆಯೇ ಗುಡ್ಡಗಳಾಗಿ ನಿಂತಿದೆ. ಜನ ಅದನ್ನು ಸೈನೈಡ್ ಗುಡ್ಡ ಅನ್ನುತ್ತಾರೆ. ಗಾಳಿಗಾಲದಲ್ಲಿ ಆ ಪುಡಿ ಮನೆಗಳ ಮೇಲೆ ಹಾರಿ ಬರುತ್ತದೆ. ಗುಡ್ಡದ ಮಣ್ಣಿನಲ್ಲಿ, ಹತ್ತಿರದ ಹಳ್ಳದಲ್ಲಿ ಯಾವ ಲೋಹ ಎಷ್ಟಿದೆ ಎಂದು ಭೂವಿಜ್ಞಾನಿಗಳು ಅಳೆದಿದ್ದಾರೆ. ಅದರ ಕೆಳಗೆ ಬದುಕುವವರ ಎದೆಯನ್ನು ನಲವತ್ತರ ದಶಕದ ಪ್ರಮಾಣದಲ್ಲಿ ಅಳೆಯುವ ಕೆಲಸ ಮಾತ್ರ ಮುಂದುವರಿಯಲಿಲ್ಲ.

ಎರಡನೇ ಅಧ್ಯಾಯ ಮರದ್ದು. ನನ್ನ ಎಣಿಕೆಯಲ್ಲಿ ಕೋಲಾರ ಇಡೀ ದೇಶದ ಪರಿಸರ ಚರ್ಚೆಗೆ ಕೊಟ್ಟ ದೊಡ್ಡ ಜಗಳ ಇದೇ. ಎಪ್ಪತ್ತರ ದಶಕದ ಕೊನೆಯಲ್ಲಿ ಸಾಮಾಜಿಕ ಅರಣ್ಯ ಯೋಜನೆ ಬಂತು. ಹಳ್ಳಿಗೆ ಸೌದೆ, ಮೇವು ಸಿಗಲಿ ಎಂಬುದು ಅದರ ಘೋಷಣೆ. ಆದರೆ ಕೋಲಾರದ ರೈತರು ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಸಾಲಾಗಿ ನೀಲಗಿರಿ ಹಾಕಿದರು. ಅದಕ್ಕೆ ಆಳು ಬೇಡ, ಕಾವಲು ಬೇಡ, ದನ ಬಾಯಿ ಹಾಕುವುದಿಲ್ಲ, ಕೊಳ್ಳಲು ರೇಯಾನ್ ಮತ್ತು ಕಾಗದದ ಕಾರ್ಖಾನೆಗಳಿವೆ. ಪಟ್ಟಣದಲ್ಲಿದ್ದುಕೊಂಡು ಹಳ್ಳಿಯ ಜಮೀನು ನೋಡಿಕೊಳ್ಳಬೇಕಾದವರಿಗಂತೂ ಇದಕ್ಕಿಂತ ಅನುಕೂಲದ ಬೆಳೆ ಇರಲಿಲ್ಲ. 1981ರಲ್ಲಿ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯಿಂದ ವಂದನಾ ಶಿವ, ಎಚ್. ಸಿ. ಶರತ್ಚಂದ್ರ, ಜೆ. ಬಂದೋಪಾಧ್ಯಾಯ ಕೋಲಾರದ ಸಾಮಾಜಿಕ ಅರಣ್ಯದ ಮೇಲೆ ವರದಿಯೊಂದನ್ನು ತಂದರು. ರಾಗಿಯ ನೆಲ ಕರಗುತ್ತಿದೆ, ಕೂಲಿಯವರ ಕೆಲಸ ಹೋಗುತ್ತಿದೆ, ಮೇವು ಹೋಗುತ್ತಿದೆ, ನೀರು ಇಳಿಯುತ್ತಿದೆ ಎಂಬುದು ಅದರ ದೂರು. ಮಣ್ಣು, ಮಡಕೆ, ಕೂಲಿ ಎಲ್ಲವನ್ನೂ ಒಂದೇ ಪ್ರಶ್ನೆಯಾಗಿ ನೋಡಿದ ಬರಹ ಅದು. ಅರಣ್ಯ ಇಲಾಖೆಯವರು ಕೆರಳಿದರು. 1983ರಲ್ಲಿ ಪಕ್ಕದ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿ ಬಂದರು.

ನೀಲಗಿರಿ ನಿಜವಾಗಿ ನೀರು ಕುಡಿಯುತ್ತದೆಯೇ ಎಂಬುದಕ್ಕೆ ಅಳತೆಯ ಉತ್ತರ ಬರಲು ಇನ್ನೂ ಹತ್ತು ವರ್ಷ ಹಿಡಿಯಿತು. ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆಯ ಇಯಾನ್ ಕ್ಯಾಲ್ಡರ್ ಮತ್ತು ಸಂಗಡಿಗರು ಕರ್ನಾಟಕ ಅರಣ್ಯ ಇಲಾಖೆಯ ಜೊತೆ ಸೇರಿ ಶಿವಮೊಗ್ಗದ ಕಡೆಯ ತೋಪುಗಳಲ್ಲೂ ಹೊಸಕೋಟೆಯಲ್ಲೂ ಮರಗಳ ನೀರಿನ ಬಳಕೆ ಅಳೆದರು. ಮಣ್ಣು ತೆಳುವಾಗಿದ್ದ ಕಡೆ ನೀಲಗಿರಿ ಬಳಸಿದ ನೀರು ನಾಡಕಾಡಿನ ಮರಗಳಿಗಿಂತ ಹೆಚ್ಚೇನೂ ಇರಲಿಲ್ಲ. ರಾಗಿಗೆ ಹೋಲಿಸಿದರೆ ಮಾತ್ರ ಸುಮಾರು ಎರಡು ಪಟ್ಟು. ಎರಡೂ ಪಕ್ಷದವರು ತಮಗೆ ಬೇಕಾದ ಅರ್ಧವನ್ನು ಎತ್ತಿಕೊಳ್ಳಬಹುದಾಗಿತ್ತು. ಹೊಸಕೋಟೆಯ ಆಳದ ಮಣ್ಣಿನಲ್ಲಿ ಆಟ ಬೇರೆಯಾಗಿತ್ತು. ಮಳೆ ಕಡಿಮೆಯಾಗಿದ್ದ ಮೂರು ವರ್ಷಗಳಲ್ಲಿ ಬಿದ್ದದ್ದು 2,100 ಮಿ.ಮೀ.; ಮರಗಳು ಬಳಸಿದ್ದು 3,400 ಮಿ.ಮೀ. ಎಂದು ಅವರ ಅಂದಾಜು. ಉಳಿದದ್ದನ್ನು ಬೇರುಗಳು ವರ್ಷಗಳಿಂದ ಮಣ್ಣಿನ ಆಳದಲ್ಲಿ ಕೂಡಿಕೊಂಡಿದ್ದ ತೇವದಿಂದ ಹೀರಿದ್ದವು. ಹೊಸಕೋಟೆ ದಾಟಿದರೆ ಮಾಲೂರು. ಅದೇ ನೆಲ, ಅದೇ ನೀಲಗಿರಿ. ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಆ ಹೊತ್ತಿಗೆ ಮಾಲೂರಿನಲ್ಲಿ ರಾಗಿ ಹೊಲಕ್ಕಿಂತ ಇಟ್ಟಿಗೆ ಗೂಡುಗಳೇ ಹೆಚ್ಚು ಕಣ್ಣಿಗೆ ಬೀಳುತ್ತಿದ್ದವು.

ಆದರೂ ಎಲ್ಲ ಪಾಪವನ್ನು ನೀಲಗಿರಿಯ ತಲೆಗೆ ಕಟ್ಟುವುದು ಸರಿಯಲ್ಲ. ನೀರನ್ನು ಕೆಳಕ್ಕೆ ಇಳಿಸಿದ ಮುಖ್ಯ ಸಾಧನ ಬೋರು. ಆ ಬೋರು ಹಳ್ಳಿಗೆ ಮೊದಲು ಬಂದದ್ದು ಆರೋಗ್ಯದ ಹೆಸರಿನಲ್ಲೇ. 1967ರ ಬರದ ಹೊತ್ತಿಗೆ ಯುನಿಸೆಫ್ ಕಲ್ಲು ಕೊರೆಯುವ ರಿಗ್ಗುಗಳನ್ನು ಭಾರತಕ್ಕೆ ತಂದಿತು. ಮೆಟ್ಟಿಲು ಬಾವಿಗೆ ಕಾಲಿಟ್ಟು ನೀರು ತರುವವರಿಂದ ನಾರುಹುಣ್ಣು ಹರಡುತ್ತಿತ್ತು. ಕರ್ನಾಟಕವೂ ಆ ಕಾಯಿಲೆಯ ರಾಜ್ಯಗಳಲ್ಲಿ ಒಂದು. ಕೈಪಂಪು ಹಾಕಿ, ಮೆಟ್ಟಿಲು ಬಾವಿಗಳನ್ನು ಬಿಡಿಸಿ ನಾರುಹುಣ್ಣನ್ನು ಓಡಿಸಿದರು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಎಂದು ಘೋಷಿಸಿತು. ದೊಡ್ಡ ಗೆಲುವೇ. ಅದೇ ರಿಗ್ಗು ಹೊಲಕ್ಕೂ ಇಳಿದ ಮೇಲೆ ಕಪಿಲೆ ಬಾವಿಗಳು ಒಣಗಿದವು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಂ. ಜಿ. ಚಂದ್ರಕಾಂತ್, ಎನ್. ನಾಗರಾಜ್ ಅವರಂಥ ಅರ್ಥಶಾಸ್ತ್ರಜ್ಞರು ತೊಂಬತ್ತರ ದಶಕದಲ್ಲೇ ಬಾವಿ ವಿಫಲವಾಗುವುದರ ಲೆಕ್ಕ ತೆಗೆದರು. ಒಬ್ಬನ ಬೋರು ಪಕ್ಕದವನ ಬೋರನ್ನು ಬತ್ತಿಸುತ್ತದೆ, ಸಾಲ ಮಾಡಿ ಕೊರೆಸಿದ ಬೋರು ಸಾಲ ತೀರುವ ಮುಂಚೆಯೇ ಸಾಯುತ್ತದೆ, ಸಣ್ಣ ಹಿಡುವಳಿಯವನು ಮೊದಲು ಮುಳುಗುತ್ತಾನೆ. ಮೂವತ್ತು ನಲವತ್ತು ಅಡಿಯ ಬಾವಿಯಿಂದ ಶುರುವಾದ ಓಟ ಸಾವಿರ, ಸಾವಿರದೈನೂರು ಅಡಿಗೆ ಮುಟ್ಟಿತು.

ಆ ಆಳದಲ್ಲಿ ಎಷ್ಟು ನೀರು ಎಂಬ ಪ್ರಶ್ನೆಯ ಜೊತೆಗೆ ಎಂಥ ನೀರು ಎಂಬ ಪ್ರಶ್ನೆಯೂ ಎದ್ದಿತು. ಫ್ಲೋರೈಡ್ ಹೊಸ ವಿಷಯವಲ್ಲ. 1937ರಲ್ಲಿ ಎಚ್. ಇ. ಶಾರ್ಟ್ ಮತ್ತು ಸಂಗಡಿಗರು ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಬೆನ್ನು ಬಗ್ಗಿ, ಕೀಲು ಸೆಟೆದುಕೊಂಡ ರೈತರನ್ನು ಕಂಡು ಅದಕ್ಕೆ ಬಾವಿ ನೀರಿನ ಫ್ಲೋರೈಡ್ ಕಾರಣ ಎಂದು ಬರೆದಿದ್ದರು. ಭಾರತದಲ್ಲಿ ಫ್ಲೋರೋಸಿಸ್‌ನ ಮೊದಲ ವರದಿ ಅದು. ಕೋಲಾರದ ಕೆಳಗಿರುವ ನೈಸ್ ಮತ್ತು ಗ್ರಾನೈಟ್ ಕಲ್ಲುಗಳಲ್ಲೂ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಕಲ್ಲಿನ ಬಿರುಕುಗಳಲ್ಲಿ ಎಷ್ಟು ಹೆಚ್ಚು ಕಾಲ ನಿಲ್ಲುತ್ತದೋ, ಅದರಲ್ಲಿ ಕ್ಯಾಲ್ಸಿಯಂ ಎಷ್ಟು ಕಡಿಮೆಯಾಗಿ ಸೋಡಿಯಂ, ಬೈಕಾರ್ಬನೇಟ್ ಎಷ್ಟು ಹೆಚ್ಚುತ್ತದೋ, ಅಷ್ಟು ಫ್ಲೋರೈಡ್ ಕರಗಿ ಬರುತ್ತದೆ. ಮಳೆ ಇಂಗಿ ಬಂದ ಸೇದುವ ಬಾವಿಯ ನೀರು ಹೊಸದು. ಸಾವಿರ ಅಡಿಯದು ಹಳೆಯದು. ಲೀಟರಿಗೆ 1 ಮಿ.ಗ್ರಾಂ. ಇದ್ದರೆ ಸರಿ, ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಇದನ್ನು ದಾಟಿದ ನೀರು ಮುಳಬಾಗಿಲು, ಶ್ರೀನಿವಾಸಪುರದ ಕಡೆ ಸಿಗುತ್ತಲೇ ಬಂದಿದೆ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ಎಪ್ಪತ್ತರ ದಶಕದಲ್ಲೇ ಪಟಿಕ ಮತ್ತು ಸುಣ್ಣ ಹಾಕಿ ಫ್ಲೋರೈಡ್ ಇಳಿಸುವ ನಲ್ಗೊಂಡ ವಿಧಾನವನ್ನು ರೂಪಿಸಿತ್ತು. ಅದು ಅಗ್ಗದ್ದು, ಆದರೆ ದಿನವೂ ಅಳೆದು ಬೆರೆಸುವ ಒಬ್ಬ ಮನುಷ್ಯ ಬೇಕು. ಹಳ್ಳಿಯ ಯೋಜನೆಗಳು ಸೋಲುವುದು ಸಾಮಾನ್ಯವಾಗಿ ಅಲ್ಲೇ.

ಫ್ಲೋರೈಡ್ ಹಲ್ಲಿನ ಮೇಲಾದರೂ ಕಾಣುತ್ತದೆ. ಯುರೇನಿಯಂ ಎಲ್ಲೂ ಕಾಣುವುದಿಲ್ಲ. ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಆರ್. ಕೆ. ಸೋಮಶೇಖರ್ ಮತ್ತು ಸಂಗಡಿಗರು 2008ರಲ್ಲಿ ಕೋಲಾರ ಜಿಲ್ಲೆಯ ಅಂತರ್ಜಲದ ಬಗ್ಗೆ ಪ್ರಕಟಿಸಿದ ಲೇಖನದಲ್ಲಿ ಯುರೇನಿಯಂ ಲೀಟರಿಗೆ ಒಂದು ಮೈಕ್ರೋಗ್ರಾಂಗಿಂತಲೂ ಕಡಿಮೆಯಿಂದ ಹಿಡಿದು 1,400ಕ್ಕೂ ಮೇಲಿನವರೆಗೆ ಇತ್ತು. ಆ ಲೇಖನಕ್ಕೆ ಸಿಗಬೇಕಾದ ಗದ್ದಲ ಸಿಗಲಿಲ್ಲ. ಹತ್ತು ಹನ್ನೆರಡು ವರ್ಷದ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದ ಆರ್. ಶ್ರೀನಿವಾಸನ್ ಮತ್ತಿತರರು ಪೂರ್ವ ಕರ್ನಾಟಕದ 73 ಹಳ್ಳಿಗಳ ಕುಡಿಯುವ ನೀರನ್ನು ನೋಡಿದರು. 57ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ 30 ಮೈಕ್ರೋಗ್ರಾಂ ದಾಟಿತ್ತು. 48ರಲ್ಲಿ ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ 60ರ ಮಿತಿಯನ್ನೂ. ಅತಿ ಹೆಚ್ಚು ಕಂಡ ಹಳ್ಳಿಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರದವು ಮುಂದಿದ್ದವು. ಯುರೇನಿಯಂ ಅಂದ ಕೂಡಲೇ ಜನ ಬಾಂಬನ್ನೂ ವಿಕಿರಣವನ್ನೂ ನೆನೆಯುತ್ತಾರೆ. ಕುಡಿಯುವ ನೀರಿನಲ್ಲಿ ಅದರ ಮುಖ್ಯ ಭಯ ಬೇರೆ: ಅದೊಂದು ಭಾರ ಲೋಹ, ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ.

ಸರ್ಕಾರದ ಉತ್ತರ ಊರೂರಿಗೆ ಬಂದ ಶುದ್ಧ ನೀರಿನ ಘಟಕ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಆರ್‌ಒ ಪೊರೆ ಫ್ಲೋರೈಡನ್ನೂ ಯುರೇನಿಯಂನ್ನೂ ತಡೆಯುತ್ತದೆ, ಚೆನ್ನಾಗಿ ನೋಡಿಕೊಂಡರೆ. ಆದರೆ ಒಳಹೋದ ನೀರಿನ ಒಂದು ಪಾಲು, ತಡೆದ ಲವಣಗಳನ್ನೆಲ್ಲ ಹೊತ್ತು, ಚರಂಡಿಗೆ ಹೋಗುತ್ತದೆ. ಸಾವಿರ ಅಡಿಯಿಂದ ಎತ್ತಿದ ನೀರನ್ನು ಹೀಗೆ ಚೆಲ್ಲುವುದು ಬರದ ಜಿಲ್ಲೆಯಲ್ಲಿ ವಿಚಿತ್ರವೇ ಸರಿ. ಅಡುಗೆಗೆ, ದನಕ್ಕೆ ಎಷ್ಟೋ ಮನೆಗಳಲ್ಲಿ ಈಗಲೂ ನಲ್ಲಿ ನೀರೇ.

ಈ ನಡುವೆ ಬಂತು ಕೆ.ಸಿ. ವ್ಯಾಲಿ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ, ದಿನಕ್ಕೆ 44 ಕೋಟಿ ಲೀಟರಿನವರೆಗೆ ಕೋಲಾರದತ್ತ ಪಂಪು ಮಾಡಿ 126 ಕೆರೆ ತುಂಬಿಸುವ ಯೋಜನೆ. 2018ರ ಜೂನ್‌ನಲ್ಲಿ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಜುಲೈನಲ್ಲಿ ಅಲ್ಲಿ ನೊರೆ ಎದ್ದಿತು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಯನ್ನು ಟಿ.ವಿ.ಯಲ್ಲಿ ನೋಡಿದ್ದ ಜನ ಬೆಚ್ಚಿದರು. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆರ್. ಆಂಜನೇಯ ರೆಡ್ಡಿ ಹೈಕೋರ್ಟಿಗೆ ಹೋದರು, ಅದೇ ತಿಂಗಳು ತಡೆ ಸಿಕ್ಕಿತು. ಮತ್ತೆ ಅನುಮತಿ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆ; ಕೊನೆಗೆ ಮತ್ತೆ ನೀರು. ಹೋರಾಟಗಾರರ ಬೇಡಿಕೆ ಸರಳ: ಮೂರನೇ ಹಂತದ ಸಂಸ್ಕರಣೆ ಮಾಡಿ ಕೊಡಿ. ಎರಡನೇ ಹಂತ ಸಾವಯವ ಕೊಳೆಯನ್ನು, ತೇಲುವ ಕಣಗಳನ್ನು ತೆಗೆಯುತ್ತದೆ. ಸಾರಜನಕ, ರಂಜಕ, ರೋಗಾಣು, ಔಷಧಿಗಳ ಉಳಿಕೆ ಇವನ್ನೆಲ್ಲ ಪೂರ್ತಿ ತೆಗೆಯುವುದಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಬೆಳ್ಳಂದೂರು, ವರ್ತೂರು ಕೆರೆಗಳ ಕೊಳಕನ್ನು ವರ್ಷಗಟ್ಟಲೆ ದಾಖಲಿಸಿ ಎಚ್ಚರಿಕೆ ಕೊಟ್ಟ ಟಿ. ವಿ. ರಾಮಚಂದ್ರ ಅವರ ತಂಡ ಭಾರತೀಯ ವಿಜ್ಞಾನ ಸಂಸ್ಥೆಯದು. ಕೆ.ಸಿ. ವ್ಯಾಲಿ ನೀರಿನಿಂದ ಕೋಲಾರದ ಅಂತರ್ಜಲ ಏರಿದೆ, ಮಣ್ಣಿನಲ್ಲಿ ಸೋಸಿ ಇಳಿದ ಮೇಲೆ ಗುಣವೂ ಸುಧಾರಿಸಿದೆ, ಬೆಳೆ, ಮೀನು, ಹೈನು ಹೆಚ್ಚಿದೆ ಎಂದು 2023ರ ಸುಮಾರಿಗೆ ಬರೆದ ಲಕ್ಷ್ಮೀನಾರಾಯಣ ರಾವ್ ಅವರ ತಂಡವೂ ಅದೇ ಆವರಣದ್ದೇ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ನೋಡಿದ್ದು ಕೊಳಚೆ ಬೀಳುವ ಕೆರೆ, ಇನ್ನೊಬ್ಬರು ನೋಡಿದ್ದು ಅದು ಸಂಸ್ಕರಣೆಯಾಗಿ, ಕೆರೆಯಿಂದ ಕೆರೆಗೆ ಹರಿದು, ನೆಲಕ್ಕಿಂಗಿದ ಮೇಲಿನ ಬಾವಿ. ರಾಜಕಾರಣಿಗಳು ಈ ವ್ಯತ್ಯಾಸವನ್ನು ಹೇಳುವ ಗೋಜಿಗೆ ಹೋಗಲಿಲ್ಲ. ಮೇಲ್ಪದರಕ್ಕೆ ಹೊಸ ನೀರು ಸೇರಿದರೆ ಆಳದ ಫ್ಲೋರೈಡ್, ಯುರೇನಿಯಂ ತೆಳುವಾಗಬಹುದು. ಜೊತೆಗೆ ನಗರದ ಔಷಧಿ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬಂದು ಸೇರಲೂಬಹುದು. ಎರಡನ್ನೂ ಒಂದೇ ಬಾವಿಯಲ್ಲಿ ವರ್ಷಾನುಗಟ್ಟಲೆ ಅಳೆಯಬೇಕು. ಪಶ್ಚಿಮ ಘಟ್ಟದಿಂದ ಈ ಕಡೆಗೆ ತರಬೇಕಾದ ಎತ್ತಿನಹೊಳೆ ಯೋಜನೆಯ ನೀರಿನ ಮಾತು 2014ರ ಶಂಕುಸ್ಥಾಪನೆಯಿಂದ ನಡೆದೇ ಇದೆ; ಕೋಲಾರದ ಮಟ್ಟಿಗೆ ಅದರ ಮೇಲೆ ಆರೋಗ್ಯದ ಅಧ್ಯಯನಕ್ಕೆ ಇನ್ನೂ ವಸ್ತುವಿಲ್ಲ.

ದೇಹವನ್ನು ಅಳೆಯದೆ ಬಿಟ್ಟ ಇನ್ನೊಂದು ಕಡೆ ಟೊಮೆಟೊ ಹೊಲ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು ಕೋಲಾರದ್ದು. ಸಿಂಪಡಣೆ ಇಲ್ಲಿ ನಿತ್ಯದ ಕೆಲಸ. ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನಿಂದ ಕೀಟನಾಶಕ ಸೇವಿಸಿ ಆಸ್ಪತ್ರೆ ಸೇರಿದವರ ಬಗ್ಗೆ ವೈದ್ಯಕೀಯ ಬರಹಗಳು ಬಂದಿವೆ. ಸೇವಿಸದೆ, ಬರೀ ಉಸಿರಾಡುತ್ತ, ಬರಿಗೈಯಲ್ಲಿ ಬೆರೆಸುತ್ತ ಇಪ್ಪತ್ತು ವರ್ಷ ಕಳೆದವರ ಕಥೆ ಆಸ್ಪತ್ರೆಯ ಕಡತಕ್ಕೆ ಬರುವುದು ಕಷ್ಟ.

ಹೀಗೆ ಎಂಬತ್ತು ವರ್ಷಗಳಲ್ಲಿ ಅಳತೆ ಎದೆಯಿಂದ ಮರಕ್ಕೆ, ಮರದಿಂದ ಬಾವಿಗೆ, ಬಾವಿಯಿಂದ ಕೆರೆಗೆ ಸರಿಯಿತು. ಬಾವಿ ಯಾರ ಲೆಕ್ಕಪುಸ್ತಕದಲ್ಲೂ ಪರಿಹಾರ ಕೇಳುವುದಿಲ್ಲ. ಈಗ ಮತ್ತೆ ದೇಹಕ್ಕೆ ಬರಲು ಕೋಲಾರದಲ್ಲಿ ಅನುಕೂಲವೊಂದು ತಾನಾಗಿ ಒದಗಿದೆ. ಒಂದೇ ತಾಲೂಕು, ಒಂದೇ ಕಲ್ಲು, ಒಂದೇ ಮುದ್ದೆ-ಸಾರು. ಕೆಲವು ಊರಿನ ಕೆರೆಗೆ ಕೆ.ಸಿ. ವ್ಯಾಲಿ ನೀರು ಬಂದಿದೆ, ಕೆಲವಕ್ಕೆ ಬಂದಿಲ್ಲ. ಹಲ್ಲಿನ ಎನಾಮಲ್ ಕಟ್ಟುವುದು ಹುಟ್ಟಿದ ಮೊದಲ ವರ್ಷಗಳಲ್ಲಿ, ಆಗ ಕುಡಿದ ಫ್ಲೋರೈಡಿನ ಗುರುತು ಅಲ್ಲೇ ಉಳಿಯುತ್ತದೆ. ಲಕ್ಷ್ಮೀಸಾಗರಕ್ಕೆ ನೀರು ಬಂದ 2018ರಲ್ಲಿ ಹುಟ್ಟಿದ ಮಕ್ಕಳಿಗೆ ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲು ಬರುವ ಕಾಲ ಇದು. ಎರಡೂ ಬಗೆಯ ಊರುಗಳ ಸರ್ಕಾರಿ ಶಾಲೆಗಳಲ್ಲಿ ಈ ಮಕ್ಕಳ ಹಲ್ಲು ನೋಡಿ, ಮೂತ್ರದ ಫ್ಲೋರೈಡ್ ಅಳೆದು, ಮನೆಯಲ್ಲಿ ಕುಡಿದದ್ದು ನಲ್ಲಿಯದೋ ಘಟಕದ್ದೋ ಎಂದು ತಾಯಂದಿರನ್ನು ಕೇಳಬೇಕು. ಟಮಕದಲ್ಲಿ ವೈದ್ಯರಿದ್ದಾರೆ, ಬೆಂಗಳೂರಿನಲ್ಲಿ ಪ್ರಯೋಗಾಲಯಗಳಿವೆ. ಕ್ಯಾಪ್ಲನ್ ಮತ್ತು ಬರ್ಡನ್ ಅವರಿಗೆ ಬೇಕಾದಷ್ಟು ದೊಡ್ಡ ಏರ್ಪಾಡೇನೂ ಇದಕ್ಕೆ ಬೇಡ.