ಒಂದಾಣೆಯ ತಿಂಡಿ

ಚೆನ್ನೈಗೆ ಕೆಲಸಕ್ಕೆ ಬಂದ ನಮ್ಮಂಥವರಿಗೆ ಥೌಸಂಡ್ ಲೈಟ್ಸ್ ಎಂದರೆ ಮೆಟ್ರೊ ನಿಲ್ದಾಣ. ಶಾಲೆಯ ಬಿಸಿಯೂಟದ ಚರಿತ್ರೆಗೆ ಅದೊಂದು ಮುಖ್ಯ ಜಾಗ. 1920ರಲ್ಲಿ ಪಿ. ತ್ಯಾಗರಾಯ ಚೆಟ್ಟಿ ಅಧ್ಯಕ್ಷರಾಗಿದ್ದ ಮದ್ರಾಸ್ ಕಾರ್ಪೊರೇಷನ್, ಅಲ್ಲಿನ ತನ್ನ ಶಾಲೆಯ ಮಕ್ಕಳಿಗೆ ತಲಾ ದಿನಕ್ಕೆ ಒಂದಾಣೆ ಮೀರದಂತೆ ತಿಂಡಿ ಕೊಡಲು ನಿರ್ಣಯಿಸಿತು. ಯೋಜನೆ ಬೇರೆ ಶಾಲೆಗಳಿಗೂ ಹಬ್ಬಿತು, ಮಕ್ಕಳ ಸಂಖ್ಯೆ ಏರಿತು. ಆದರೆ ಪ್ರಾಥಮಿಕ ಶಿಕ್ಷಣ ನಿಧಿಯಿಂದ ತಿಂಡಿಯ ಖರ್ಚು ಹಾಕುವಂತಿಲ್ಲ ಎಂದು ಸರ್ಕಾರ ತಕರಾರು ತೆಗೆದು, 1925ರಲ್ಲಿ ಅದು ನಿಂತಿತು.

ಬಜೆಟ್ ಹಾಳೆಗಳಲ್ಲೇ ದಿನ ಕಳೆಯುವ ನನಗೆ ಈ ಕಾರಣ ಚುಚ್ಚುತ್ತದೆ. ಹಸಿವು ಇತ್ತು, ಹಣವೂ ಇತ್ತು. ಅದನ್ನು ಬರೆಯಲು ಖಾತೆ ಇರಲಿಲ್ಲ.

1956ರಲ್ಲಿ ಕಾಮರಾಜ್ ಮಧ್ಯಾಹ್ನದ ಊಟವನ್ನು ರಾಜ್ಯದ ಯೋಜನೆಯಾಗಿಸಿದರು, 1982ರಲ್ಲಿ ಎಂ.ಜಿ.ಆರ್. ವಿಸ್ತರಿಸಿದರು. ದೇಶಕ್ಕೆಲ್ಲ ಅದು ಹಕ್ಕಾದದ್ದು 2001ರ ನವೆಂಬರ್ 28ರ ಸುಪ್ರೀಂ ಕೋರ್ಟ್ ಆದೇಶದಿಂದ: ಬೇಯಿಸಿದ ಊಟ, ಕನಿಷ್ಠ 300 ಕ್ಯಾಲರಿ, 8ರಿಂದ 12 ಗ್ರಾಂ ಪ್ರೋಟೀನ್, ವರ್ಷಕ್ಕೆ ಕನಿಷ್ಠ 200 ದಿನ. ಖಾತೆಯ ನೆಪಕ್ಕೆ ಇನ್ನು ಜಾಗವಿರಲಿಲ್ಲ.

ಕರ್ನಾಟಕದ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಶುರುವಾಯಿತು. ಮಕ್ಕಳ ಅಪೌಷ್ಟಿಕತೆ, ರಕ್ತಹೀನತೆ ಹೆಚ್ಚಿದ್ದ ಆ ಭಾಗದಲ್ಲೇ 2021ರ ಡಿಸೆಂಬರಿನಲ್ಲಿ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಕೊಡತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ಬೇಕೆಂದು ಮಕ್ಕಳೂ ದನಿಯೆತ್ತಿದರು. ಅಂದು ಖಾತೆಯ ತಕರಾರು, ಇಂದು ಮಡಿಯ ತಕರಾರು. ಎರಡೂ ಸಲ ತಕರಾರು ತೆಗೆದವರು ಹೊಟ್ಟೆ ತುಂಬಿದವರೇ.